ಏಳು ಗಂಟು, ಆಮೇಲೆ ನುಣುಪು

ಅವರ ಕತ್ತು ಯಾವಾಗಲೂ ಹಿಂದಕ್ಕೆ ಬಾಗಿರುತ್ತಿತ್ತು. ಗಂಟಲ ಗಂಟು ಮುಂದಕ್ಕೆ ಚಾಚಿ, ಬಾಯಿ ಅರ್ಧ ತೆರೆದು, ಮರದ ತುದಿಯಿಂದ ಯಾರೋ ಕೂಗಿ ಕರೆದ ಹಾಗೆ ನಡೆಯುತ್ತಿದ್ದರು. ಹೋಟೆಲಿನಲ್ಲಿ ಕೂತು ಮಾತಾಡುವಾಗಲೂ ದೃಷ್ಟಿ ಎದುರಿನವನ ತಲೆಯಿಂದ ಒಂದು ಮೊಳ ಮೇಲೆ. ಹೊಸಬರು ಅಹಂಕಾರ ಅಂದುಕೊಳ್ಳುತ್ತಿದ್ದರು. ಮೊದಲ ದಿನ ನಾನೂ ಹಾಗೇ ಅಂದುಕೊಂಡು ಮನಸ್ಸಿನಲ್ಲೇ ಬೈದೆ. ಆದರೆ ತೋಟದೊಳಗೆ ಹೊಕ್ಕ ಅರ್ಧ ಗಂಟೆಯಲ್ಲಿ ಅವರು ಮೂರು ಸಲ ತೊಟ್ಟಿಲು ಗುಂಡಿಗೆ ಬಿದ್ದರು. ಕಾಫಿ ಗಿಡಗಳ ನಡುವೆ ಮಳೆ ನೀರು ಇಂಗಲಿ ಅಂತ ತೋಡಿರುವ ಗುಂಡಿಗಳವು, ಸಣ್ಣ ಮಕ್ಕಳೂ ಹಾರಿಕೊಂಡು ಹೋಗುತ್ತಾರೆ. ಇವರು ಬೀಳುವುದು, ಎದ್ದು ಪ್ಯಾಂಟು ಕೊಡವಿಕೊಳ್ಳುವುದು, ಮತ್ತೆ ಮೇಲೇ ನೋಡುವುದು.

ನಾವೆಲ್ಲ ನಕ್ಷೆ ಸಾರ್ ಅನ್ನುತ್ತಿದ್ದೆವು. ಕಳಸದ ಕಡೆಯವರು. ಸರಪಳಿ ಹಿಡಿದು ಜಮೀನು ಅಳೆಯುವ ಕೆಲಸದಲ್ಲಿ ನಿವೃತ್ತರಾಗಿ, ಆಮೇಲೆ ಗುತ್ತಿಗೆಯ ಮೇಲೆ ಒಂದು ನಕ್ಷೆ ಕಂಪನಿಗೆ ಸೇರಿದ್ದರು. ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಇದು ಕಾಫಿ, ಇದು ಕಾಡು, ಇದು ಗದ್ದೆ ಅಂತ ಕಂಪ್ಯೂಟರೇ ಬಣ್ಣ ಹಚ್ಚಬೇಕು. ಅದಕ್ಕೆ ಮೊದಲು ಯಾರಾದರೂ ನೆಲದ ಮೇಲೆ ನಿಂತು ಸಾವಿರಾರು ಕಡೆ ಗುರುತು ಹಾಕಿ ಅದಕ್ಕೆ ಕಲಿಸಬೇಕು. ಸಾರ್ ಬಂದದ್ದು ಆ ಗುರುತು ಹಾಕುವುದಕ್ಕೆ.

ನಾನು ಓದಿದ್ದು ಏಳನೇ ಕ್ಲಾಸು. ಕಸುಬು ಮರಗಸಿ. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಆದಮೇಲೆ, ಮುಂಗಾರು ಹಿಡಿಯುವುದರೊಳಗೆ, ಕಾಫಿ ತೋಟದ ನೆರಳು ಮರ ಹತ್ತಿ ಗಿಡಕ್ಕೆ ಬೆಳಕು ಬೀಳುವ ಹಾಗೆ ಕೊಂಬೆ ಸವರುವ ಕೆಲಸ. ನಾನು ಸವರಿದ ತೋಟದಲ್ಲಿ ಬಿಸಿಲು ಜರಡಿ ಹಿಡಿದ ಹಾಗೆ ಬೀಳುತ್ತದೆ ಅಂತ ತೋಟದವರೇ ಹೇಳುತ್ತಾರೆ. ಮೂಡಿಗೆರೆಯಿಂದ ಅತ್ತಿಗುಂಡಿವರೆಗೆ ದೊಡ್ಡ ದೊಡ್ಡ ಎಸ್ಟೇಟಿನವರು ನನಗೆ ಜೀಪು ಕಳಿಸುತ್ತಾರೆ. ಜಾವಳಿ ಮೇಲಿನ ಗುಡ್ಡದಲ್ಲಿ ನನ್ನದೂ ಮೂರು ಎಕರೆ ಕಾಫಿ ಇದೆ, ಒಂದೊಂದು ಗಿಡವನ್ನೂ ಈ ಕೈಯಲ್ಲೇ ನೆಟ್ಟದ್ದು. ಅದಕ್ಕೆ ಹಕ್ಕುಪತ್ರ ಆಗಿರಲಿಲ್ಲ. ಅರ್ಜಿ ಕಚೇರಿಯಲ್ಲಿ ಕೂತಿತ್ತು. ಹೊಸ ನಕ್ಷೆ ಬಂದಮೇಲೆ ಅದನ್ನು ನೋಡಿಯೇ ತೀರ್ಮಾನ ಅಂದಿದ್ದರು. ನಕ್ಷೆಯಲ್ಲಿ ಕಾಫಿ ಅಂತ ಬಂದರೆ ಜಮೀನು ನನ್ನದು, ಕಾಡು ಅಂತ ಬಂದರೆ ನಾನು ಒತ್ತುವರಿದಾರ. ಅದಕ್ಕೇ ಸಾರ್‌ಗೆ ದಾರಿ ತೋರಿಸಲು ಆಳು ಬೇಕು ಅಂದಾಗ ಎಲ್ಲರಿಗಿಂತ ಮೊದಲು ಹೋಗಿ ನಿಂತವನು ನಾನು.

ಅವರ ಜೊತೆ ಒಂದು ಬೇಸಿಗೆ ಪೂರ್ತಿ ತಿರುಗಿದೆ. ಮಾತು ಕಡಿಮೆ. ಅಸಹ್ಯ ಆದಾಗ ಪಕ್ಕಕ್ಕೆ ತಿರುಗಿ, ಹೆಚ್ಚು ಸದ್ದಿಲ್ಲದೆ ಥೂ ಅಂತ ಉಗಿಯುವುದು ಅಭ್ಯಾಸ. ದಿನಕ್ಕೆ ಏಳೆಂಟು ಸಲವಾದರೂ ಉಗಿಯುವಂಥದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ಮಜ್ಜಿಗೆ ಅನ್ನದ ಡಬ್ಬಿಯನ್ನು ನಿಂತೇ ತಿಂದು ಮುಗಿಸುತ್ತಿದ್ದರು. ಕೂತರೆ ಮರ ಕಾಣುವುದಿಲ್ಲವಂತೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಕಂಡಿದ್ದು ಬರಿ. ಅಂದ್ಕೊಂಡಿದ್ದನ್ನ ಮನೆಗೆ ತಗೊಂಡು ಹೋಗು."

ಕಂಪನಿಯದೇ ಇನ್ನೊಂದು ತಂಡ ಇತ್ತು. ನಾಲ್ಕು ಜನ ಗಂಡಾಳು, ಒಂದು ಜೀಪು. ಕಳಸದ ರಸ್ತೆಯಲ್ಲಿ ಒಂದು ಮಧ್ಯಾಹ್ನ ಅವರು ಸಿಕ್ಕಿದರು. ಜೀಪು ನಿಂತಿತ್ತು, ಗಾಜು ಇಳಿದಿತ್ತು, ಒಬ್ಬ ಕಿಟಕಿಯಿಂದ ಕೈ ಹೊರಗೆ ಹಾಕಿ ಟ್ಯಾಬ್ ಹಿಡಿದಿದ್ದ. ಕೆಳಗೆ ಯಾರೂ ಇಳಿದಿರಲಿಲ್ಲ.

"ಇಳಿದು ನೋಡಿದ್ರೇನಯ್ಯ?" ಅಂತ ಸಾರ್ ಕೇಳಿದರು.

"ಇಲ್ಲಿಂದಲೇ ಕಾಣ್ಸುತ್ತಲ್ಲ ಸಾರ್."

"ಏನು ಕಾಣ್ಸುತ್ತೆ?"

"ಮರ."

"ಮರ ಎಲ್ಲಾ ಕಡೆ ಇದೆ. ಮರದ ಕೆಳಗೆ ಏನಿದೆ?"

"ಜಿಗಣೆ ಇದೆ ಸಾರ್," ಅಂದ ಒಬ್ಬ. ನಾಲ್ವರೂ ನಕ್ಕರು. ಆ ಜಾಗಕ್ಕೆ ಅವರು ಕಾಡು ಅಂತ ಒತ್ತಿದ್ದರು. ಮಾರು ದೂರ ಒಳಗೆ ಹೋದರೆ ಅರಾಬಿಕ ಕಾಫಿಯ ಸಾಲು ಎದೆಮಟ್ಟ ನಿಂತಿತ್ತು. ಸಾರ್ ಚರಂಡಿಗೆ ಉಗಿದರು. ಒಬ್ಬ ಮನುಷ್ಯನ ಆಯುಷ್ಯದ ದುಡಿಮೆ ಇವರ ಒಂದು ಬೆರಳಿನ ಕೆಳಗೆ, ಅದೂ ಇನ್ನೊಂದು ಕೈಯಲ್ಲಿ ಬೋಂಡ ಹಿಡಿದುಕೊಂಡು.

ಇನ್ನೊಂದು ದಿನ ಒಬ್ಬ ದೊಡ್ಡ ಸಾಹುಕಾರರ ಮನೆಯಲ್ಲಿ ಊಟಕ್ಕೆ ಕರೆದರು. ಎಲೆ ತುಂಬ ಬಡಿಸಿ, ಪಾಯಸ ಬರುವ ಹೊತ್ತಿಗೆ, ತೋಟದ ಮೇಲಂಚಿನ ಹತ್ತು ಎಕರೆ ಹಳು ಕಾಡನ್ನೂ ಕಾಫಿ ಅಂತಲೇ ಹಾಕಿಬಿಡಿ ಅಂದರು. ಅಂಚಿನಲ್ಲಿ ನಾಲ್ಕು ಸಾಲು ಸಸಿ ಊರಿಸಿದ್ದರು, ನಿನ್ನೆ ಮೊನ್ನೆ ಊರಿದ್ದು. ಸಾರ್ ಪಾಯಸ ಮುಟ್ಟದೆ ಎದ್ದು ಕೈ ತೊಳೆದರು. ಹೊರಗೆ ಬಂದು ಕಾಡು ಅಂತ ಬರೆದರು. ನನಗೆ ಹಬ್ಬ ಆದ ಹಾಗೆ ಆಯಿತು. ಆ ಸಾಹುಕಾರರ ಮುಖ ನೆನೆಸಿಕೊಂಡು ಮೂಡಿಗೆರೆಯವರೆಗೆ ನಕ್ಕೆ.

ಅಂಕಿಯ ವಿಷಯ ಅವರು ನನಗೆ ಹೇಳಿಕೊಟ್ಟದ್ದು ಅತ್ತಿಗುಂಡಿ ಹತ್ತಿರದ ಒಂದು ಎಸ್ಟೇಟಿನಲ್ಲಿ. ಬಿಸಿಲು ಜೋರಾಗಿತ್ತು, ತೋಟದ ಲೆಕ್ಕ ಬರೆಯುವ ರೈಟರ ಆಫೀಸಿನ ಜಗಲಿಯಲ್ಲಿ ಕೂತಿದ್ದೆವು.

"ಕೆಲವು ದಿನಕ್ಕೊಂದು ಸಲ ಉಪಗ್ರಹದ ಕ್ಯಾಮೆರಾ ನಿನ್ನ ತಲೆ ಮೇಲೆ ಹಾದು ಹೋಗುತ್ತೆ ಮಾರಾಯ. ಈ ಜಾಗ ಎಷ್ಟು ಹಸಿರು ಅಂತ ಒಂದು ಅಂಕಿ ಇಟ್ಕೊಳ್ಳುತ್ತೆ. ವರ್ಷಕ್ಕೆ ಎಷ್ಟು ಅಂಕಿ ಆಯ್ತು ನೋಡು. ಅಷ್ಟನ್ನೂ ಹೊತ್ಕೊಂಡು ಕೂರೋಕಾಗಲ್ಲ ಅಂತ ಇಡೀ ವರ್ಷಾನ ಐದು ಅಂಕಿಗೆ ಇಳಿಸ್ತಾರೆ. ಸರಾಸರಿ ಎಷ್ಟು, ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಸಾಲಾಗಿ ನಿಲ್ಲಿಸಿದ್ರೆ ನಡುವಿಂದು ಯಾವುದು, ಏರಿಳಿತ ಎಷ್ಟು."

"ಐದು ಅಂಕೀಲಿ ಒಂದು ವರ್ಷ ಹಿಡಿಯುತ್ತಾ ಸಾರ್?"

"ಹಿಡಿಯುತ್ತೆ. ಯಾವುದನ್ನ ಇಟ್ಕೊಂಡೆ, ಯಾವುದನ್ನ ಬಿಸಾಕಿದೆ ಅನ್ನೋದು ಗೊತ್ತಿರಬೇಕು." ಆಮೇಲೆ ಒಳಗೆ ಕೂತಿದ್ದ ರೈಟರಿಗೆ ಮಳೆ ಪುಸ್ತಕ ತರಲು ಹೇಳಿದರು. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು ಸೆಂಟು ಬರೆದಿಡುವ ಪುಸ್ತಕ. ಎರಡು ವರ್ಷ ತೆರೆದು ತೋರಿಸಿದರು. ಒಟ್ಟು ಹೆಚ್ಚು ಕಡಿಮೆ ಒಂದೇ.

"ಎರಡು ವರ್ಷದ ಫಸಲೂ ಒಂದೇನಾ?" ಅಂತ ರೈಟರನ್ನು ಕೇಳಿದರು.

"ಎಲ್ಲಿಂದ ಸಾರ್. ಈ ಪುಟದ ವರ್ಷ ಹೂಮಳೆ ಲೆಕ್ಕ ಹಾಕಿದಂಗೆ ಬಿತ್ತು. ಆ ವರ್ಷ ಹೂವಿಗೆ ಮಳೆ ಇಲ್ಲ, ಕಣದ ಮೇಲೆ ಕಾಫಿ ಹರಡಿದಾಗ ಹೊಡೀತು. ಎಲ್ಲಾ ಮುಗ್ಗಲು."

"ಕೇಳಿದ್ಯಾ. ಒಟ್ಟು ಮಾತ್ರ ನೋಡಿದವನಿಗೆ ಎರಡೂ ಒಂದೇ ವರ್ಷ."

ಇನ್ನೊಂದು ಮಾತು ಹೇಳಿದರು. ಕಾಡಿನ ಹಸಿರಿನ ಸರಾಸರಿಗೂ ನೆರಳಿನ ಕಾಫಿ ತೋಟದ ಸರಾಸರಿಗೂ ಮೇಲಿಂದ ವ್ಯತ್ಯಾಸವೇ ಕಾಣುವುದಿಲ್ಲವಂತೆ. ಗುರುತು ಸಿಗುವುದು ಅತಿ ಕಡಿಮೆಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಮರಗಸಿ ಆದಾಗ ತೋಟದ ಹಸಿರು ಒಂದು ಸಲ ಕುಸಿಯುತ್ತದೆ. ಕಾಡನ್ನು ಯಾರೂ ಸವರುವುದಿಲ್ಲ, ಅದು ಹಾಗೆ ಕುಸಿಯುವುದಿಲ್ಲ.

"ಅಂದ್ರೆ ನನ್ನ ಕತ್ತಿ ಅಷ್ಟು ಮೇಲಕ್ಕೆ ಕಾಣ್ಸುತ್ತಾ ಸಾರ್?"

"ಕಾಣ್ಸುತ್ತೆ. ನಿನ್ನ ತೋಟ ಯಾವಾಗ ತೋರಿಸ್ತೀಯ?"

ತೋರಿಸೋಣ ಸಾರ್ ಅಂದೆ. ಆ ಬೇಸಿಗೆಯಲ್ಲಿ ಅವರು ಇದನ್ನು ನಾಲ್ಕೈದು ಸಲ ಕೇಳಿದರು. ನಾನು ಪ್ರತಿ ಸಲ ಬೇರೆ ಕಡೆ ಕರೆದುಕೊಂಡು ಹೋದೆ.

ಮಳೆಗಾಲ ಕಳೆದು ನಕ್ಷೆ ಬಂತು. ಕಚೇರಿಯ ಗೋಡೆಗೆ ಅಂಟಿಸಿದ್ದರು. ನನ್ನ ಮೂರು ಎಕರೆ ಕಡು ಹಸಿರು. ಕಡು ಹಸಿರು ಅಂದರೆ ಕಾಡು. ತಕರಾರಿದ್ದರೆ ಒಂದು ತಿಂಗಳಲ್ಲಿ ಹೇಳಿಕೊಳ್ಳಬೇಕು. ಕಂಪನಿಯ ಕಡೆಯಿಂದ ಇಸ್ತ್ರಿ ಮಾಡಿದ ಶರಟಿನ ಒಬ್ಬ ಇಂಜಿನಿಯರು ಕೂತಿದ್ದ. ಮುಖ ಎತ್ತದೆ ಹೇಳಿದ: "ಸರಾಸರಿ ಕಾಡಿಗೆ ಹೊಂದುತ್ತೆ."

"ಅತಿ ಕಡಿಮೆ ನೋಡಿದ್ರಾ?" ಅಂದೆ.

ಆಗ ಮುಖ ಎತ್ತಿದ. ಈ ಕೈಕತ್ತಿಯವನಿಗೆ ಇದು ಹೇಗೆ ಗೊತ್ತು ಅನ್ನುವ ಮುಖ. ಮೋಡದ ನೆರಳು ಬಿದ್ದರೆ ಅತಿ ಕಡಿಮೆ ಅನ್ನುವ ಅಂಕಿ ಸುಳ್ಳಾಗುತ್ತದೆ, ಅದಕ್ಕೆ ಅದನ್ನು ತೆಗೆದುಬಿಟ್ಟಿದ್ದೇವೆ ಅಂದ. ಮೋಡವನ್ನು ಬೇರೆ ಮಾಡಲು ಸೋಮಾರಿತನವಾಗಿ ನಮ್ಮ ಮರಗಸಿಯನ್ನೇ ಕಿತ್ತು ಬಿಸಾಕಿದ್ದರು. ಪಕ್ಕದಲ್ಲಿ ಗುಮಾಸ್ತ ಕಿವಿಯೊಳಗೆ ಬೆಂಕಿಕಡ್ಡಿ ತಿರುಗಿಸುತ್ತಿದ್ದ. ಬೆಂಕಿಕಡ್ಡಿಯ ತುದಿ ಕಂಡರೆ ನನಗೆ ಇವತ್ತಿಗೂ ಆ ಕಚೇರಿಯ ವಾಸನೆ ಬರುತ್ತದೆ.

ಅಲ್ಲಿಂದ ಸೀದಾ ಮೂಡಿಗೆರೆಯಲ್ಲಿ ಸಾರ್ ಇದ್ದ ಬಾಡಿಗೆ ಕೋಣೆಗೆ ಹೋದೆ.

"ಸಾರ್, ಟ್ಯಾಬು ನಿಮ್ಮ ಕೈಲೇ ಇದೆ. ನನ್ನ ಜಾಗಕ್ಕೆ ಒಂದು ಸಲ ಕಾಫಿ ಅಂತ ಒತ್ತಿಬಿಡಿ."

"ನಾನು ಅಲ್ಲಿ ನಿಂತಿಲ್ವಲ್ಲ ಮಾರಾಯ. ನಾಳೆ ಬರ್ತೀನಿ."

ಬಂದರು. ನನ್ನ ತೋಟದೊಳಗೆ ಹತ್ತು ಹೆಜ್ಜೆ ಇಟ್ಟು ನಿಂತರು. ಹನ್ನೊಂದು ಗಂಟೆಯ ಬಿಸಿಲಿನಲ್ಲೂ ಒಳಗೆ ಮುಸ್ಸಂಜೆಯ ಹಾಗಿತ್ತು. ಕಾಫಿ ಗಿಡಗಳು ಬೆಳಕು ಹುಡುಕಿಕೊಂಡು ಕೋಲಿನ ಹಾಗೆ ಎದ್ದಿದ್ದವು, ರೆಂಬೆಗೆ ನಾಲ್ಕು ಕಾಯಿ ಇಲ್ಲ. ಅವರು ತುಂಬ ಹೊತ್ತು ಮೇಲೆ ನೋಡಿದರು.

"ಮರಗಸಿ ಮಾಡಿ ಎಷ್ಟು ವರ್ಷ ಆಯ್ತು?"

"ಎರಡು ವರ್ಷ ಆಗಿರಬೋದು ಸಾರ್."

ಅವರು ಮೇಲಿನ ಒಂದು ಉದ್ದ ಕೊಂಬೆಯ ಕಡೆ ಬೆರಳು ಮಾಡಿದರು.

"ಐದು," ಅಂದೆ.

ಹೇಳಲೇಬೇಕು. ಮರಗಸಿಗೆ ಇರುವುದು ಎರಡು ತಿಂಗಳು. ಸಾಹುಕಾರರ ಜೀಪು ಬಾಗಿಲಿಗೆ ಬಂದು ನಿಂತರೆ ನನಗೆ ಎದೆ ಉಬ್ಬುತ್ತಿತ್ತು. ಅವರ ನೂರು ಎಕರೆ ಮುಗಿಸಿ ಬರುವಷ್ಟರಲ್ಲಿ ಮಳೆ ಹಿಡಿದು ಕೊಂಬೆ ಜಾರುತ್ತಿತ್ತು. ನನ್ನದೇ ತಾನೇ, ಎಲ್ಲಿ ಹೋಗುತ್ತದೆ ಅಂತ ಬಿಟ್ಟೆ. ಬಿಟ್ಟಿದ್ದು ಒಂದು ವರ್ಷ, ಆಮೇಲೆ ಇನ್ನೊಂದು. ಊರಿಗೆಲ್ಲ ಬೆಳಕು ಬಿಡಿಸುವವನ ತೋಟ ಗವಿಯಾಗಿತ್ತು. ಅದನ್ನು ಅವರ ಕಣ್ಣಿಗೆ ಬೀಳಿಸಬಾರದು ಅಂತಲೇ ಬೇಸಿಗೆಯೆಲ್ಲ ಬೇರೆ ಕಡೆ ತಿರುಗಿಸಿದ್ದು.

ಸಾರ್ ಪಕ್ಕಕ್ಕೆ ತಿರುಗಿ ಥೂ ಅಂದರು.

ನನಗೆ ರೇಗಿತು. "ನನ್ನ ಜಮೀನಲ್ಲಿ ಉಗೀಬೇಡಿ ಸಾರ್."

"ನಿನ್ನದು ಅಂತ ಇನ್ನೂ ಆಗಿಲ್ಲ ಮಾರಾಯ," ಅಂದರು. ದನಿ ಏರಿಸಲಿಲ್ಲ. ಚೀಲದಿಂದ ಕಾಗದ ತೆಗೆದರು. ರಾತ್ರಿಯೇ ಕೂತು ನನ್ನ ಜಾಗದ ಹನ್ನೆರಡು ವರ್ಷದ ಅಂಕಿಗಳನ್ನು ಒಂದೊಂದು ವರ್ಷಕ್ಕೆ ಬೇರೆ ಬೇರೆ ಮಾಡಿ ಬರೆದುಕೊಂಡು ಬಂದಿದ್ದರು. ಮೊದಲ ಏಳು ವರ್ಷ ಪ್ರತಿ ಬೇಸಿಗೆಯಲ್ಲೂ ಕುಸಿತ ಇತ್ತು. ಕೊನೆಯ ಐದು ವರ್ಷ ಇಲ್ಲ. "ಕಚೇರೀಲಿ ಇದನ್ನ ಮೋಡ ಅಂತಾರೆ. ಮರ ಏನನ್ನುತ್ತೆ ಕೇಳೋಣ, ಹತ್ತು ಮೇಲೆ."

ನಾನು ಕಲಿತದ್ದು ಒಂದು ಪದ್ಧತಿ. ಕೆಲವರು ಕೊಂಬೆಯನ್ನು ಬುಡಕ್ಕೇ ಕಡಿಯುತ್ತಾರೆ. ನಾವು ಹಳೆಯ ಗಾಯದಿಂದ ಒಂದು ಗೇಣು ಮುಂದೆ ಬಿಟ್ಟು ಕಡಿಯುತ್ತೇವೆ, ಮರ ಕೊಳೆಯುವುದಿಲ್ಲ. ಕಡಿದ ಕಡೆ ಗಂಟು ಕಟ್ಟುತ್ತದೆ, ಚಿಗುರು ಅದರ ಮುಂದಿನಿಂದ ಹೊರಡುತ್ತದೆ. ಹಾಗಾಗಿ ನನ್ನ ಕೈ ಬಿದ್ದ ಅತ್ತಿ ಮರದ ಕೊಂಬೆಯಲ್ಲಿ ವರ್ಷಕ್ಕೊಂದು ಗಂಟು, ಗೇಣಿಗೊಂದು, ಸಾಲಾಗಿ ಇರುತ್ತದೆ.

ಹತ್ತಿದೆ. ಮೇಲಿನಿಂದ ಎಣಿಸಿ ಕೂಗಿದೆ. ಅವರು ಕೆಳಗೆ ಕತ್ತು ಎತ್ತಿ ನಿಂತು ಬರೆದುಕೊಂಡರು.

"ಏಳು ಗಂಟು ಸಾರ್."

"ಆಮೇಲೆ?"

"ಆಮೇಲೆ ಇಲ್ಲ."

"ಇಲ್ಲ ಅಂದ್ರೆ ಏನು ಬರೀಲಿ? ಏನಿದೆ ಹೇಳು."

"ನುಣುಪು."

"ಕೇಳಿಸಲಿಲ್ಲ."

"ನುಣುಪು ಸಾರ್. ಎರಡಾಳುದ್ದ ನುಣುಪು."

ಬೇಲಿಯಾಚೆ ಪಕ್ಕದ ತೋಟದವನು ಕಸ ಕೊಚ್ಚುತ್ತಿದ್ದ. ತಲೆ ಎತ್ತಿ ಕೂಗಿದ: "ಏನ್ ಮಾರಾಯ, ಊರಿನ ಮರಕ್ಕೆಲ್ಲ ಕ್ಷೌರ ಮಾಡಿ ನಿನ್ನದಕ್ಕೆ ಜಡೆ ಬಿಟ್ಟಿದ್ದೀಯಲ್ಲ. ಹೂ ಮುಡಿಸೋದಾ?"

ಇಳಿದು ಹೋಗಿ ಅವನ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಆದರೆ ಸಾರ್ ಮುಂದಿನ ಮರ ತೋರಿಸಿದರು. ಹನ್ನೆರಡು ಮರ ಹತ್ತಿಸಿದರು. ಹನ್ನೆರಡರಲ್ಲೂ ಏಳು ಗಂಟು, ಆಮೇಲೆ ನುಣುಪು. ಪ್ರತಿ ಸಲ ಜೋರಾಗಿ ಹೇಳಿಸಿದರು. ಕೆಳಗಿಳಿದಾಗ ತೊಡೆಯ ಚರ್ಮ ಕಿತ್ತು ಬಂದಿತ್ತು, ನನ್ನ ಮೇಲೆ ನನಗೇ ಹೇಸಿಗೆ ಹತ್ತಿತ್ತು, ಆ ಹೇಸಿಗೆಯನ್ನು ಅವರ ಮೇಲೆ ಹಾಕಲು ಕಾಯುತ್ತಿದ್ದೆ.

"ಸಾರ್, ಏಳು ಗಂಟು ಮಾತ್ರ ಬರೀರಿ. ನುಣುಪಿಂದು ಯಾಕೆ? ನಾನೇ ಪಾಳು ಬಿಟ್ಟೆ ಅಂತ ಆಗುತ್ತೆ."

"ಎರಡೂ ಬರೀತೀನಿ."

"ನನಗೋಸ್ಕರ ಸಾರ್."

"ಮಾರಾಯ, ಅವತ್ತು ಪಾಯಸದ ಎದುರು ಎದ್ದು ಬಂದಾಗ ನೀನು ದಾರಿಯಿಡೀ ನಗ್ತಿದ್ದೆ," ಅಂದರು. ಪೆನ್ನು ನಿಲ್ಲಿಸಲಿಲ್ಲ.

ನೀವು ಮನುಷ್ಯರಲ್ಲ ಅಂದೆ. ಇನ್ನೂ ಏನೇನೋ ಅಂದೆ. ಗುಡ್ಡದಿಂದ ಬಸ್‌ಸ್ಟಾಪಿಗೆ ಎರಡು ಮೈಲಿ ಕಲ್ಲು ದಾರಿ, ಗುಂಡಿಗಳ ದಾರಿ. ಕೆಳಗೆ ನೋಡಿ ನಡೆಯದ ಆ ವಯಸ್ಸಾದ ಮನುಷ್ಯರನ್ನು ಒಬ್ಬರನ್ನೇ ಕಳಿಸಿದೆ. ಅವರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ಬೇಲಿ ಹಿಡಿದು ನಿಂತಿದ್ದೆ, ಕರೆಯಲಿಲ್ಲ.

ನಾನು ಕೊಟ್ಟ ತಕರಾರಿನ ವಿಚಾರಣೆಯ ದಿನ ಅವರು ಕಚೇರಿಗೆ ಬಂದಿದ್ದರು. ಅಧಿಕಾರಿಯ ಮೇಜಿನ ಮೇಲೆ ಎರಡು ಹಾಳೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಆಕಾಶದ ಅಂಕಿ, ಇನ್ನೊಂದರಲ್ಲಿ ಮರದ ಗಂಟು. ಇಂಜಿನಿಯರು ಮೋಡದ ಮಾತು ತೆಗೆದ.

"ಮೋಡದ ಭಯ ಇದ್ರೆ ಅತಿ ಕಡಿಮೆಯದನ್ನ ಬಿಡಿ," ಅಂದರು ಸಾರ್. "ಕೆಳಗಿಂದ ಮೂರನೇದು ತಗೊಳ್ಳಿ. ಮೋಡದ ನೆರಳು ಒಂದು ಸಲ ಬೀಳುತ್ತೆ, ಎರಡು ಸಲ ಬೀಳುತ್ತೆ. ಸವರಿದ ಮರ ತಿಂಗಳುಗಟ್ಟಲೆ ಬೋಳಾಗೇ ಇರುತ್ತೆ. ನಾನು ಮೂರನೇದನ್ನೇ ತಗೊಂಡಿದ್ದೀನಿ, ನೋಡಿ."

ಅಧಿಕಾರಿ ಬೆರಳಿಟ್ಟು ನೋಡಿದರು. ಏಳು ಕುಸಿತ, ಏಳು ಗಂಟು. ಐದು ವರ್ಷ ಕುಸಿತವಿಲ್ಲ, ಐದು ವರ್ಷ ನುಣುಪು. ಇಂಜಿನಿಯರನ್ನು ಕೇಳಿದರು: "ಏನ್ರೀ, ಮೋಡ ಇವರ ಮರ ಹತ್ತಿ ಗಂಟು ಹಾಕಿ ಹೋಯ್ತಾ? ಬರೀ ಏಳು ಅಂತ ಬರ್ಕೊಂಡು ಬಂದಿದ್ರೆ ನಾನೂ ನಂಬ್ತಿರಲಿಲ್ಲ." ನನ್ನ ಜಾಗಕ್ಕೆ ಕಾಫಿ ಅಂತ ಬರೆಸಿದರು.

ಸಾರ್ ಎದ್ದು ಹೋಗಲಿಲ್ಲ. ಇಡೀ ತಾಲ್ಲೂಕಿನ ನಕ್ಷೆಯನ್ನು ಮೂರನೆಯ ಅಂಕಿ ಸೇರಿಸಿ ಮತ್ತೆ ಮಾಡಿ, ಇಂಥವರು ಇನ್ನೂ ಎಷ್ಟೋ ಜನ ಇದ್ದಾರೆ ಅಂದರು. ಟೈಮಿಲ್ಲ ಅಂದರು ಕಂಪನಿಯವರು. ತಕರಾರು ಕೊಟ್ಟವರದ್ದು ಮಾತ್ರ ನೋಡುತ್ತೇವೆ ಅಂದರು. ತಕರಾರು ಬರೆಯಲು ಬಾರದವರ ತೋಟ ಇವತ್ತಿಗೂ ಆ ಗೋಡೆಯ ಮೇಲೆ ಕಡು ಹಸಿರಾಗೇ ಇದೆ. ಆ ನಕ್ಷೆಯ ಮುಂದೆ ನಿಂತು ದೊಡ್ಡವರು ಫೋಟೊ ತೆಗೆಸಿಕೊಂಡದ್ದನ್ನೂ ನೋಡಿದ್ದೇನೆ. ಮುಂದಿನ ತಿಂಗಳು ಸಾರ್‌ಗೆ ಗುತ್ತಿಗೆ ಮುಂದುವರಿಸಲಿಲ್ಲ ಅಂತ ಕೇಳಿದೆ.

ಅವತ್ತು ವಿಚಾರಣೆ ಮುಗಿದು ಹೊರಗೆ ಬಂದಾಗ ಅವರು ಕಚೇರಿಯ ಎದುರಿನ ಮರದ ಕೆಳಗೆ ನಿಂತಿದ್ದರು. ನನಗಾಗಿಯೇ ನಿಂತದ್ದು ಅಂತ ಗೊತ್ತಿತ್ತು. ಅಧಿಕಾರಿ, ಗುಮಾಸ್ತ, ಜವಾನ, ಎಲ್ಲರೆದುರು ನನ್ನ ಪಾಳು ತೋಟ ಓದಿಸಿದ್ದರಲ್ಲ ಅನ್ನುವ ಉರಿ ಇನ್ನೂ ಆರಿರಲಿಲ್ಲ. ನಾನು ಹೋಟೆಲಿನ ಹಿಂದಿನ ಬಾಗಿಲಿನಿಂದ ಹೋದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಕಳಸದ ಬಸ್ಸು ಹತ್ತಿದರಂತೆ.

ಫೆಬ್ರವರಿಯಲ್ಲಿ ಹಕ್ಕುಪತ್ರ ಕೈಗೆ ಬಂತು. ಹೆಂಡತಿ ಹೇಳಿದಳು, "ಮೊದಲು ಅವರಿಗೆ ಹೋಗಿ ಹೇಳಿ ಬನ್ನಿ."

ಮರಗಸಿ ಮುಗೀಲಿ ಅಂದೆ. ಆ ವರ್ಷ ಸಾಹುಕಾರರ ಜೀಪನ್ನು ಎರಡು ಸಲ ವಾಪಸ್ ಕಳಿಸಿ, ಏಪ್ರಿಲಿನಲ್ಲೇ ನನ್ನ ಮೂರು ಎಕರೆ ಸವರಿದೆ. ಆಮೇಲೆ ಉಳಿದವರದ್ದು. ಆಮೇಲೆ ಮಳೆ. ಆಗಸ್ಟಿನಲ್ಲಿ ಒಂದು ದಿನ ಅತ್ತಿಗುಂಡಿಯ ಆ ರೈಟರು ಸಂತೆಯಲ್ಲಿ ಸಿಕ್ಕಿ, "ನಿಮ್ಮ ಸಾರ್ ಹೋಗ್ಬಿಟ್ರಂತಲ್ಲ, ಎದೆನೋವು, ತಿಂಗಳಾಯ್ತು," ಅಂದರು.

ಮಾರನೆಯ ದಿನವೇ ಕಳಸಕ್ಕೆ ಹೋದೆ. ಪೇಟೆಯ ಹಿಂದಿನ ಸಣ್ಣ ಹೆಂಚಿನ ಮನೆ. ಅವರ ಹೆಂಡತಿ ಬಾಗಿಲು ತೆಗೆದರು. ಹೆಸರು ಹೇಳುವ ಮೊದಲೇ, "ಜಾವಳಿಯವರಾ?" ಅಂದರು. ಕೈಮೇಲಿನ ಕತ್ತಿ ಗಾಯದ ಕಲೆಗಳನ್ನು ನೋಡಿ ಮರಗಸಿಯವನು ಅಂತ ಗುರುತು ಹಿಡಿದಿರಬೇಕು.

"ಕೂತ್ಕೊಳ್ಳಿ. ಇವರು ನಿಮ್ಮದನ್ನ ದಿನಾ ನೋಡ್ತಿದ್ರು. ಕೆಲಸ ಹೋದಮೇಲೂ ಆ ಹಳೇ ಲ್ಯಾಪ್‌ಟಾಪಲ್ಲಿ ನೋಡ್ತಾ ಕೂರೋರು. ಬೇಸಿಗೇಲಿ ಒಂದಿನ ನನ್ನ ಕರೆದು ತೋರಿಸಿದ್ರು. ಇಳಿದಿದೆ ನೋಡೇ, ಈ ಸಲ ಇಳಿದಿದೆ, ಸವರಿದಾನೆ ಅಂತ. ನಗೋದೇ ಕಮ್ಮಿ, ಅವತ್ತು ನಕ್ರು. ಆದ್ರೆ ಕಚೇರಿಯವರು ಜಮೀನು ಕೊಟ್ರೋ ಇಲ್ವೋ, ಅದು ಇದರಲ್ಲಿ ಕಾಣಲ್ಲ ಅಂತಿದ್ರು. ಆಯ್ತಾ ಅದು?"

ಹಕ್ಕುಪತ್ರ ನನ್ನ ಜೇಬಿನಲ್ಲಿತ್ತು. ತೋರಿಸಲೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದೆ. ಕೈ ಹಾಕಿದವನಿಗೆ ಹೊರಗೆ ತೆಗೆಯಲು ಹೇಸಿಗೆಯಾಯಿತು.

"ಆಯ್ತಮ್ಮ," ಅಂದೆ.

"ಯಾವಾಗ ಆಯ್ತು?"

"ಫೆಬ್ರವರೀಲಿ."

ಆಕೆ ನನ್ನನ್ನು ನೋಡಿದರು. ಬೈಗುಳ ಇರಲಿಲ್ಲ ಆ ಮುಖದಲ್ಲಿ.

"ಓ," ಅಂದರು. "ಇವರು ಇದ್ದಾಗಲೇ."